ಅಮೆರಿಕದಲ್ಲಿ ಮಕ್ಕಳ ಊಟಕ್ಕೆ ಸಿಗುವ ನೆರವು: ಹೊಸದಾಗಿ ಬಂದ ಕನ್ನಡ ಕುಟುಂಬಗಳಿಗೆ

ಅಮೆರಿಕಕ್ಕೆ ಬಂದವರೆಲ್ಲ ಕೈತುಂಬ ಸಂಬಳದವರು ಅನ್ನುವುದು ಊರಲ್ಲಿರುವವರ ಅಂದಾಜು. ಯೂನಿವರ್ಸಿಟಿ ಸ್ಟೈಪೆಂಡ್ ಒಂದರಲ್ಲೇ ಹೆಂಡತಿ ಮಗುವನ್ನು ಸಾಕುವವರು, ಲೇಆಫ್ ಆಗಿ ಉಳಿತಾಯವನ್ನೆಲ್ಲ ಬಾಡಿಗೆಗೆ ಸುರಿದವರು, ಒಂಟಿಯಾಗಿ ಗಂಟೆ ಲೆಕ್ಕದ ಕೆಲಸ ಮಾಡುವ ತಾಯಂದಿರು ನಮ್ಮ ನಡುವೆಯೇ ಇದ್ದಾರೆ. ಇಂಥ ಮನೆಗಳು ಅರ್ಜಿ ಹಾಕದೆ ಉಳಿಯುವುದಕ್ಕೆ ಸಾಮಾನ್ಯವಾಗಿ ಎರಡೇ ಕಾರಣ: ವೀಸಾಗೆ ತೊಂದರೆಯಾದೀತು ಎಂಬ ಹೆದರಿಕೆ, ನಾಲ್ಕು ಜನ ಏನಂದುಕೊಂಡಾರು ಎಂಬ ಸಂಕೋಚ. ಎರಡನೆಯದನ್ನು ದಯವಿಟ್ಟು ಬಿಟ್ಟುಬಿಡಿ, ಬೆಳೆಯುವ ಮಗುವಿನ ತಟ್ಟೆಗಿಂತ ಅದು ದೊಡ್ಡದಲ್ಲ. ಮೊದಲನೆಯದಕ್ಕೆ ಸರಿಯಾದ ಮಾಹಿತಿ ಬೇಕು, ಏಕೆಂದರೆ ವೀಸಾದ ಪ್ರಶ್ನೆ ಒಂದೊಂದು ಯೋಜನೆಗೂ ಬೇರೆ ಬೇರೆ.

ಈ ವಾರವೇ ದಿನಸಿ ಇಲ್ಲ ಎಂದಾದರೆ

ಯಾವ ಫಾರ್ಮನ್ನೂ ತುಂಬುತ್ತ ಕೂರಬೇಡಿ, ಮೊದಲು ಫುಡ್ ಪ್ಯಾಂಟ್ರಿಗೆ ಹೋಗಿ. ಫುಡ್ ಬ್ಯಾಂಕ್ ಅಂದರೆ ದೊಡ್ಡ ಉಗ್ರಾಣ. ಅಲ್ಲಿಂದ ಸಾಮಾನು ಪಡೆದು ಜನರಿಗೆ ಹಂಚುವುದು ಚರ್ಚು, ಶಾಲೆ, ಸಮುದಾಯ ಕೇಂದ್ರಗಳಲ್ಲಿರುವ ಪ್ಯಾಂಟ್ರಿಗಳು. 211 ಸಂಖ್ಯೆಗೆ ಫೋನ್ ಮಾಡಿ ನಿಮ್ಮ ಜಿಪ್ ಕೋಡ್ ಹೇಳಿದರೆ ಹತ್ತಿರದ ಪ್ಯಾಂಟ್ರಿಗಳು ಮತ್ತು ಅವು ತೆರೆದಿರುವ ಸಮಯ ತಿಳಿಸುತ್ತಾರೆ. ಹೆಚ್ಚಿನ ಕಡೆ ಕೇಳುವುದು ಹೆಸರು, ವಿಳಾಸ, ಮನೆಯಲ್ಲಿ ಎಷ್ಟು ಜನ ಎಂಬುದಷ್ಟೇ. ಗಟ್ಟಿಯಾದ ಚೀಲಗಳನ್ನು ಮನೆಯಿಂದಲೇ ಒಯ್ಯಿರಿ. ವಿದ್ಯಾರ್ಥಿಯಾಗಿದ್ದರೆ ಕ್ಯಾಂಪಸ್ಸಿನಲ್ಲೇ ಪ್ಯಾಂಟ್ರಿ ಇದೆಯೇ ಎಂದು ವಿಚಾರಿಸಿ, ಅನೇಕ ಯೂನಿವರ್ಸಿಟಿಗಳಲ್ಲಿ ಇದೆ. ಗುರುದ್ವಾರದ ಲಂಗರ್ ಊಟವಂತೂ ಯಾರಿಗಾದರೂ ಸಿಗುತ್ತದೆ, ಅದು ಸಸ್ಯಾಹಾರಿ ಕೂಡ.

ಮಾಂಸ ತಿನ್ನದವರು ಡಬ್ಬಿಗಳ ಲೇಬಲ್ ಓದಿಯೇ ತೆಗೆದುಕೊಳ್ಳಿ. ಬೇಯಿಸಿದ ಕಾಳಿನ ಡಬ್ಬಿಯಲ್ಲಿ ಪೋರ್ಕ್ ಅಥವಾ ಲಾರ್ಡ್ (ಹಂದಿ ಕೊಬ್ಬು), ತರಕಾರಿ ಸೂಪಿನಲ್ಲಿ ಚಿಕನ್ ಬ್ರಾತ್ (ಕೋಳಿ ಬೇಯಿಸಿದ ರಸ), ಮಕ್ಕಳ ಮಿಠಾಯಿಯಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡುವ ಜೆಲಟಿನ್ ಇರುವುದುಂಟು.

ವಿಕ್ (WIC): ಐದು ವರ್ಷದೊಳಗಿನ ಮಗುವಿದ್ದರೆ ಇದೇ ಮೊದಲ ಅರ್ಜಿ

ಗರ್ಭಿಣಿಯರು, ಬಾಣಂತಿಯರು, ಎದೆಹಾಲು ಕುಡಿಸುವ ತಾಯಂದಿರು, ಮತ್ತು ಐದನೇ ಹುಟ್ಟುಹಬ್ಬದವರೆಗಿನ ಮಕ್ಕಳಿಗಾಗಿ 1970ರ ದಶಕದಿಂದ ನಡೆದುಬಂದಿರುವ ಕೇಂದ್ರ ಸರ್ಕಾರದ ಯೋಜನೆ ಇದು. ಎದೆಹಾಲು ಕುಡಿಸುವ ತಾಯಿಗೆ ಮಗುವಿಗೆ ಒಂದು ವರ್ಷ ತುಂಬುವವರೆಗೆ, ಕುಡಿಸದಿದ್ದರೆ ಹೆರಿಗೆಯಾಗಿ ಆರು ತಿಂಗಳವರೆಗೆ ಸಿಗುತ್ತದೆ. ಮಗುವಿನ ಪರವಾಗಿ ತಂದೆಯೂ ಅರ್ಜಿ ಹಾಕಬಹುದು.

ಆದಾಯದ ಮಿತಿ ಬಡತನ ರೇಖೆಯ ಶೇ. 185. ಅಲಾಸ್ಕಾ, ಹವಾಯಿ ಬಿಟ್ಟರೆ 2025ರ ಜುಲೈನಿಂದ 2026ರ ಜೂನ್‌ವರೆಗೆ ಮೂವರ ಕುಟುಂಬಕ್ಕೆ ವರ್ಷಕ್ಕೆ 49,303 ಡಾಲರ್, ನಾಲ್ವರಿಗೆ 59,478 ಡಾಲರ್. ಇದು ತೆರಿಗೆ ಕಡಿತಕ್ಕೂ ಮುಂಚಿನ ಮೊತ್ತ. ಗರ್ಭಿಣಿಯ ಹೊಟ್ಟೆಯಲ್ಲಿರುವ ಮಗುವನ್ನೂ ಒಬ್ಬರೆಂದು ಎಣಿಸುತ್ತಾರೆ, ಆದ್ದರಿಂದ ಗಂಡ ಹೆಂಡತಿ ಇಬ್ಬರೇ ಇದ್ದರೂ ಮೂವರ ಮಿತಿ ಅನ್ವಯಿಸುತ್ತದೆ. 30 ಸಾವಿರ ಸ್ಟೈಪೆಂಡಿನ ಪಿಎಚ್‌ಡಿ ವಿದ್ಯಾರ್ಥಿಯ ಕುಟುಂಬ ಈ ಮಿತಿಯೊಳಗೆ ಆರಾಮವಾಗಿ ಬರುತ್ತದೆ. ವಿಕ್ ಕಚೇರಿಯಲ್ಲಿ ಪಾಸ್‌ಪೋರ್ಟ್ ಕೇಳಿದರೆ ಅದು ಗುರುತಿನ ಚೀಟಿಯಾಗಿ, ವೀಸಾ ತನಿಖೆಗಲ್ಲ.

ಅಪಾಯಿಂಟ್‌ಮೆಂಟಿಗೆ ಪ್ರತಿಯೊಬ್ಬರ ಗುರುತಿನ ದಾಖಲೆ, ವಿಳಾಸಕ್ಕೆ ಲೀಸ್ ಅಥವಾ ಕರೆಂಟ್ ಬಿಲ್, ಕಳೆದ 30 ದಿನಗಳ ಪೇ ಸ್ಟಬ್ (ಸಂಬಳದ ಚೀಟಿ) ಒಯ್ಯಿರಿ. ಸ್ಟೈಪೆಂಡ್ ಪಡೆಯುವವರು ಡಿಪಾರ್ಟ್‌ಮೆಂಟಿನಿಂದ ಮೊತ್ತ ಬರೆದ ಪತ್ರ ತರಬೇಕು. ಮಗುವನ್ನೂ ಕರೆದೊಯ್ಯಿರಿ: ಎತ್ತರ, ತೂಕ ನೋಡಿ, ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಕಬ್ಬಿಣಾಂಶ ಪರೀಕ್ಷಿಸುತ್ತಾರೆ. ಗರ್ಭಿಣಿಯರು ಮತ್ತು ಎಳೆಗೂಸುಗಳ ಅರ್ಜಿಗೆ 10 ದಿನದೊಳಗೆ, ಉಳಿದವರ ಅರ್ಜಿಗೆ 20 ದಿನದೊಳಗೆ ಉತ್ತರ ಬರಬೇಕು.

ನಿಜವಾದ ಗೊಂದಲ ಶುರುವಾಗುವುದು ಅಂಗಡಿಯ ಕೌಂಟರಿನಲ್ಲಿ. ವಿಕ್ ಕಾರ್ಡಿನಲ್ಲಿರುವುದು ಬಹುಪಾಲು ಹಣವಲ್ಲ, ಸಾಮಾನಿನ ಲೆಕ್ಕ: ಇಷ್ಟು ಗ್ಯಾಲನ್ ಹಾಲು, ಇಷ್ಟು ಡಜನ್ ಮೊಟ್ಟೆ, ಇಷ್ಟು ಔನ್ಸ್ ಸೀರಿಯಲ್. ರಾಜ್ಯದ ಪಟ್ಟಿಯಲ್ಲಿರುವ ಬಗೆ, ಅಳತೆ ಎರಡೂ ಹೊಂದಿದರೆ ಮಾತ್ರ ಸ್ಕ್ಯಾನ್ ಆಗುತ್ತದೆ. ಹಾಲನ್ನೇ ನೋಡಿ. ಒಂದರಿಂದ ಎರಡು ವರ್ಷದ ಮಗುವಿಗೆ ಕೊಡುವುದು ಹೋಲ್ ಮಿಲ್ಕ್. ಎರಡು ತುಂಬಿದ ಮೇಲೆ ಕೊಬ್ಬು ಕಡಿಮೆ ಇರುವ ಶೇ. 1ರ ಹಾಲು ಅಥವಾ ಕೊಬ್ಬೇ ಇಲ್ಲದ್ದು. ಹುಟ್ಟುಹಬ್ಬವಾದ ಮೇಲೂ ಹಳೆಯ ಹಾಲನ್ನೇ ಎತ್ತಿಕೊಂಡರೆ ಕಾರ್ಡ್ ಒಪ್ಪದಿರಬಹುದು. ಅಕ್ಕಿ ಅಂದರೆ ಬ್ರೌನ್ ರೈಸ್ ಮಾತ್ರ, ನಮ್ಮ ಸೋನಾ ಮಸೂರಿ ಇಲ್ಲ. ಒಣ ಕಾಳು 16 ಔನ್ಸ್ ಪೊಟ್ಟಣದಲ್ಲಿ ಸಿಗುತ್ತದೆ: ಕಡಲೆ, ಅಲಸಂದೆ, ರಾಜ್ಮಾ, ಒಡೆದ ಬಟಾಣಿ, ಮಸೂರ. ಸಾರು ಹುಳಿಗೆ ಇವು ಸಾಕು. ಕಾರ್ಡ್ ನಡೆಯುವುದು ವಿಕ್ ಅನುಮತಿ ಪಡೆದ ಅಂಗಡಿಯಲ್ಲಿ ಮಾತ್ರ, ಇಂಡಿಯನ್ ಸ್ಟೋರಿನ ತೊಗರಿಬೇಳೆಯನ್ನು ಇದರಲ್ಲಿ ಲೆಕ್ಕ ಹಾಕಿಕೊಳ್ಳಬೇಡಿ. ಹಣ್ಣು ತರಕಾರಿಗೆ ಮಾತ್ರ ಡಾಲರ್ ಲೆಕ್ಕ: 2025ರಲ್ಲಿ ಒಂದು ಮಗುವಿಗೆ ತಿಂಗಳಿಗೆ 26 ಡಾಲರ್. ಅದಕ್ಕಿಂತ ಹೆಚ್ಚಾದರೆ ಮೇಲಿನದನ್ನು ಕೈಯಿಂದ ಕೊಡಬಹುದು.

ಸಸ್ಯಾಹಾರಿ ಎಂದು ಮೊದಲ ಭೇಟಿಯಲ್ಲೇ ಹೇಳಿ. ಹಾಲಿನ ಒಂದು ಭಾಗಕ್ಕೆ ಮೊಸರು ಅಥವಾ ತೋಫು ಪಡೆಯಲು ಅನೇಕ ರಾಜ್ಯಗಳಲ್ಲಿ ಅವಕಾಶವಿದೆ. ಮೊಟ್ಟೆ ತಿನ್ನದವರಿಗೆ ಕಾಳು ಅಥವಾ ಪೀನಟ್ ಬಟರ್ ಕೊಡಲು 2024ರ ಹೊಸ ನಿಯಮದಲ್ಲಿ ದಾರಿಯಿದೆ. ಕೇಳದಿದ್ದರೆ ಯಾರೂ ಬದಲಾಯಿಸುವುದಿಲ್ಲ. ಫಾರ್ಮುಲಾ ಹಾಲು ರಾಜ್ಯ ಒಪ್ಪಂದ ಮಾಡಿಕೊಂಡ ಬ್ರ್ಯಾಂಡಿನದೇ ಸಿಗುತ್ತದೆ. ವಿಶೇಷ ಫಾರ್ಮುಲಾ ಬೇಕಾದರೆ ಡಾಕ್ಟರರ ಫಾರ್ಮ್ ಬೇಕು. ಆಯಾ ತಿಂಗಳು ಕೊಳ್ಳದೆ ಬಿಟ್ಟದ್ದು ಮುಂದಿನ ತಿಂಗಳಿಗೆ ಸೇರುವುದಿಲ್ಲ, ಹಾಗಾಗಿ ಕೊನೆಯ ವಾರಕ್ಕೆ ಉಳಿಸಿಕೊಳ್ಳಬೇಡಿ. ಬೇರೆ ರಾಜ್ಯಕ್ಕೆ ಮನೆ ಬದಲಿಸುವಾಗ ಹಳೆಯ ಕಚೇರಿಯಿಂದ ವಿಒಸಿ (VOC) ಎಂಬ ಅರ್ಹತೆಯ ದೃಢೀಕರಣ ಪತ್ರ ತೆಗೆದುಕೊಂಡರೆ, ಅವಧಿ ಮುಗಿಯುವವರೆಗೆ ಹೊಸ ಊರಿನಲ್ಲಿ ಅರ್ಹತೆಯನ್ನು ಮತ್ತೆ ಸಾಬೀತು ಮಾಡಬೇಕಿಲ್ಲ.

ಶಾಲೆಯ ಊಟ

ಸರ್ಕಾರಿ ಶಾಲೆಯಲ್ಲಿ ಬಡತನ ರೇಖೆಯ ಶೇ. 130ರವರೆಗಿನ ಆದಾಯಕ್ಕೆ ಊಟ ತಿಂಡಿ ಉಚಿತ. 185ರವರೆಗೆ ರಿಯಾಯಿತಿ, ಅಂದರೆ ಊಟಕ್ಕೆ ಹೆಚ್ಚೆಂದರೆ 40 ಸೆಂಟ್, ತಿಂಡಿಗೆ 30. ಕ್ಯಾಲಿಫೋರ್ನಿಯಾ, ಮೇನ್, ಮಿನ್ನೆಸೋಟ, ಮಿಷಿಗನ್, ಮ್ಯಾಸಚೂಸೆಟ್ಸ್‌ನಂಥ ರಾಜ್ಯಗಳಲ್ಲಿ ಆದಾಯ ನೋಡದೆ ಎಲ್ಲ ಮಕ್ಕಳಿಗೂ ಉಚಿತ. ಈ ಅರ್ಜಿಯಲ್ಲಿ ವಲಸೆ ಸ್ಥಿತಿಯ ಪ್ರಶ್ನೆಯೇ ಇರುವುದಿಲ್ಲ. ಸಹಿ ಮಾಡುವವರ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಕೇಳುತ್ತಾರೆ. ಎಚ್-4 ವೀಸಾದ ತಾಯಿಗೆ ಆ ಸಂಖ್ಯೆ ಇಲ್ಲದಿದ್ದರೆ ‘ಇಲ್ಲ’ ಎಂಬ ಚೌಕಕ್ಕೆ ಗುರುತು ಹಾಕಿದರಾಯಿತು.

ತಪ್ಪಾಗುವುದು ಸಂಬಳದ ಕಾಲಂನಲ್ಲಿ. ಬ್ಯಾಂಕಿಗೆ ಬಂದ ಮೊತ್ತವಲ್ಲ, ಕಡಿತಕ್ಕೆ ಮುಂಚಿನದನ್ನು ಬರೆಯಿರಿ. ಎರಡು ವಾರಕ್ಕೊಮ್ಮೆ ಬರುವುದೂ ತಿಂಗಳಿಗೆ ಎರಡು ಸಲ ಬರುವುದೂ ಒಂದೇ ಅಲ್ಲ: ಮೊದಲನೆಯದು ವರ್ಷಕ್ಕೆ 26 ಸಲ, ಎರಡನೆಯದು 24 ಸಲ. ಮಿತಿಯ ಅಂಚಿನಲ್ಲಿರುವ ಕುಟುಂಬ ಇಷ್ಟರಿಂದಲೇ ಒಳಗೆ ಅಥವಾ ಹೊರಗೆ ಹೋಗುತ್ತದೆ. ಮನೆಗೆ ಒಂದೇ ಅರ್ಜಿ, ಮಕ್ಕಳ ಹೆಸರೆಲ್ಲ ಅದರಲ್ಲೇ. ಪ್ರತಿ ವರ್ಷ ಹೊಸದಾಗಿ ಹಾಕಬೇಕು. ಹಿಂದಿನ ವರ್ಷದ ಮಂಜೂರಾತಿ ಹೊಸ ವರ್ಷದ ಮೊದಲ 30 ಶಾಲಾ ದಿನಗಳವರೆಗೆ ಮಾತ್ರ ನಡೆಯುತ್ತದೆ. ವರ್ಷದ ಮಧ್ಯೆ ಕೆಲಸ ಹೋದರೆ ಅಂದೇ ಹಾಕಬಹುದು.

ಮಗು ಮಾಂಸ ತಿನ್ನದಿದ್ದರೂ ಬಹಳಷ್ಟು ಶಾಲೆಗಳಲ್ಲಿ ಊಟದ ಐದು ಭಾಗಗಳಲ್ಲಿ ಮೂರನ್ನು ತೆಗೆದುಕೊಂಡರೆ ಸಾಕು, ಅದರಲ್ಲಿ ಅರ್ಧ ಕಪ್ ಹಣ್ಣು ಅಥವಾ ತರಕಾರಿ ಇರಬೇಕು. ಹಣ್ಣು, ಹಾಲು, ಬ್ರೆಡ್ ತೆಗೆದುಕೊಂಡರೂ ಲೆಕ್ಕ ಸರಿಯಾಗುತ್ತದೆ. ಇದನ್ನು ಮಗುವಿಗೆ ಮನೆಯಲ್ಲೇ ಹೇಳಿಕೊಡಿ, ಸಾಲಿನಲ್ಲಿ ನಿಂತಾಗ ಅದು ಹೆದರಬಾರದು.

ಬೇಸಿಗೆ ರಜೆಯಲ್ಲಿ ಪಾರ್ಕು, ಲೈಬ್ರರಿಗಳ ಸಮ್ಮರ್ ಮೀಲ್ಸ್ ತಾಣಗಳಲ್ಲಿ 18 ವರ್ಷದವರೆಗಿನವರಿಗೆ ಊಟ ಉಚಿತ. ಎಲ್ಲರಿಗೂ ತೆರೆದಿರುವ ತಾಣದಲ್ಲಿ ಹೆಸರು ನೋಂದಣಿ ಬೇಡ. ಜೊತೆಗೆ 2024ರಿಂದ ಸನ್ ಬಕ್ಸ್ ಎಂಬ ಯೋಜನೆಯಲ್ಲಿ ಅರ್ಹ ಮಗುವೊಂದಕ್ಕೆ ಬೇಸಿಗೆಗೆ 120 ಡಾಲರ್ ಬರುತ್ತದೆ. ಎಲ್ಲ ರಾಜ್ಯಗಳೂ ಇದಕ್ಕೆ ಸೇರಿಲ್ಲ, ಶಾಲೆಯಲ್ಲೇ ಕೇಳಿ.

ಸ್ನ್ಯಾಪ್: ಇಲ್ಲಿ ಮಾತ್ರ ವಿಚಾರಿಸಿ ಮುಂದುವರಿಯಿರಿ

ಸ್ನ್ಯಾಪ್ (SNAP) ಅಂದರೆ ಕಡಿಮೆ ಆದಾಯದ ಮನೆಗಳಿಗೆ ದಿನಸಿ ಕೊಳ್ಳಲು ಕಾರ್ಡಿನಲ್ಲಿ ಹಣ ಹಾಕುವ ಸರ್ಕಾರದ ಯೋಜನೆ. ಎಚ್-1ಬಿ, ಎಚ್-4, ಎಲ್, ಎಫ್ ವೀಸಾದವರಿಗೆ ಇದು ಇಲ್ಲ. ಗ್ರೀನ್ ಕಾರ್ಡ್ ಪಡೆದ ವಯಸ್ಕರು ಸಾಮಾನ್ಯವಾಗಿ ಐದು ವರ್ಷ ಕಾಯಬೇಕು, 18ರೊಳಗಿನ ಗ್ರೀನ್ ಕಾರ್ಡ್ ಮಕ್ಕಳು ಕಾಯಬೇಕಿಲ್ಲ. ಇಲ್ಲೇ ಹುಟ್ಟಿದ ಮಗು ಅಮೆರಿಕದ ಪ್ರಜೆ, ಅದರ ಪರವಾಗಿ ತಂದೆ ತಾಯಿ ಅರ್ಜಿ ಹಾಕಬಹುದು. ಆಗ ನಿಮ್ಮ ವೀಸಾ ವಿವರ ಕೊಡಬೇಕಿಲ್ಲ, ನಿಮ್ಮ ಆದಾಯ ಮಾತ್ರ ತೋರಿಸಬೇಕು. ನಿರ್ಧಾರಕ್ಕೆ 30 ದಿನ. ಕೈಯಲ್ಲಿ ಹಣವೇ ಇಲ್ಲದಂಥ ಸ್ಥಿತಿಯಾದರೆ 7 ದಿನದ ತುರ್ತು ವ್ಯವಸ್ಥೆ ಕೇಳಿ.

ಗ್ರೀನ್ ಕಾರ್ಡ್ ಅರ್ಜಿಯಲ್ಲಿ ನೋಡುವ ‘ಪಬ್ಲಿಕ್ ಚಾರ್ಜ್’ ವಿಚಾರದಲ್ಲಿ (ಅಂದರೆ ಅರ್ಜಿದಾರರು ಮುಖ್ಯವಾಗಿ ಸರ್ಕಾರದ ನೆರವನ್ನೇ ನೆಚ್ಚಿಕೊಳ್ಳುವರೇ ಎಂಬ ಪ್ರಶ್ನೆಯಲ್ಲಿ) 2022ರ ನಿಯಮ ವಿಕ್, ಶಾಲೆ ಊಟ, ಸ್ನ್ಯಾಪ್ ಮೂರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆ ನಿಯಮವನ್ನು ತೆಗೆದುಹಾಕುವ ಪ್ರಸ್ತಾಪ 2025ರ ನವೆಂಬರಿನಲ್ಲಿ ಬಂದಿದೆ. ಗ್ರೀನ್ ಕಾರ್ಡ್ ಹಾದಿಯಲ್ಲಿರುವವರು ಸ್ನ್ಯಾಪ್‌ಗೆ ಮುಂಚೆ ಇಮಿಗ್ರೇಷನ್ ವಕೀಲರನ್ನು ಒಮ್ಮೆ ಕೇಳಿ. ವಾಟ್ಸಾಪ್ ಗುಂಪಿನ ಮಾತಿನ ಮೇಲೆ ಹೌದು ಅಂತಲೂ ಬೇಡ ಅಂತಲೂ ನಿರ್ಧರಿಸಬೇಡಿ.

ಇಂಗ್ಲಿಷ್ ತಡವರಿಸುವವರು ಕಚೇರಿಗೆ ಫೋನ್ ಮಾಡಿದ ಕೂಡಲೇ “ಕನ್ನಡ ಇಂಟರ್ಪ್ರಿಟರ್” ಎಂದು ಕೇಳಿ. ಫೋನಿನಲ್ಲೇ ದುಭಾಷಿ ಒದಗಿಸಬೇಕು, ಅದಕ್ಕೆ ಶುಲ್ಕವಿಲ್ಲ. ಅರ್ಜಿ ತಿರಸ್ಕಾರವಾದರೆ ಪತ್ರವನ್ನು ಎಸೆಯಬೇಡಿ, ಕಾರಣ ಅದರಲ್ಲೇ ಬರೆದಿರುತ್ತದೆ. ಎಷ್ಟೋ ಸಲ ಅದು ಒಂದು ಪೇ ಸ್ಟಬ್ ಕಾಣೆಯಾದದ್ದೋ ಇಂಟರ್‌ವ್ಯೂ ಕರೆ ತಪ್ಪಿದ್ದೋ ಆಗಿರುತ್ತದೆ. ತಪ್ಪು ಅವರದೆಂದು ಅನಿಸಿದರೆ ಫೇರ್ ಹಿಯರಿಂಗ್, ಅಂದರೆ ನಿರ್ಧಾರದ ಮರುವಿಚಾರಣೆ ಕೇಳಬಹುದು: ಸ್ನ್ಯಾಪ್‌ಗೆ 90 ದಿನದೊಳಗೆ, ವಿಕ್‌ಗೆ 60 ದಿನದೊಳಗೆ.