ಕಸಿ ಲಿವರ್ ಬೆಳೆಯುವಾಗ ಗುಳಿಗೆ ಬದಲಿಸಲು ನಾನು ಯಾಕೆ ಅವಸರ ಮಾಡಲಿಲ್ಲ

ನಾನು ಕಸಿ ಮಾಡುವ ಸರ್ಜನ್ ಅಲ್ಲ, ಬಾಗಲಕೋಟೆಯ ಫಿಜಿಷಿಯನ್. ಬೆಂಗಳೂರಲ್ಲಿ ಆಪರೇಷನ್ ಮಾಡಿಸಿಕೊಂಡು ಬಂದವರ ಜ್ವರ, ಕೆಮ್ಮು, ರಕ್ತ ಪರೀಕ್ಷೆ ನೋಡಿಕೊಳ್ಳುವುದು ನನ್ನ ಪಾಲಿಗೆ ಬರುತ್ತದೆ.

ಮುಧೋಳ ಕಡೆಯ ಕಬ್ಬಿನ ರೈತರೊಬ್ಬರಿಗೆ ಅವರ ತಮ್ಮ ತನ್ನ ಲಿವರಿನ ಬಲಭಾಗ ಕೊಟ್ಟಿದ್ದ. ಅಂದರೆ ಅರ್ಧಕ್ಕಿಂತ ಜಾಸ್ತಿ, ಸುಮಾರು ಶೇ. 60ರಿಂದ 65. ಇನ್ನಷ್ಟು ದಿನ ಅಲ್ಲೇ ಇರಿ ಅಂದರೂ ರೂಮಿನ ಬಾಡಿಗೆ ಕಟ್ಟಲಾಗದೆ 20ನೇ ದಿನಕ್ಕೇ ಇಬ್ಬರೂ ಊರಿಗೆ ಬಂದುಬಿಟ್ಟರು.

'ಕೂಳಿ ಕಬ್ಬಿನ್ಹಂಗ ಚಿಗೀತೈತೇನ್ರಿ ಸಾಹೇಬ್ರ?' ಅಂತ ತಮ್ಮ ಕೇಳಿದ. ಇಲ್ಲಪ್ಪ, ಕೊಯ್ದ ಭಾಗ ಚಿಗುರಲ್ಲ, ಉಳಿದದ್ದೇ ದೊಡ್ಡದಾಗುತ್ತೆ ಅಂದೆ. 'ಮತ್ತ ಅಣ್ಣನ ಗುಳಿಗಿ ಅದನ್ನ ತಡೀತಾವೇನ್ರಿ?' ಅಂದ. ಒಳ್ಳೇ ಪ್ರಶ್ನೆ. ಒಂದೇ ಲಿವರಿನ ಎರಡು ಪಾಲು, ಒಂದಕ್ಕೆ ಔಷಧಿ ಇದೆ, ಇನ್ನೊಂದಕ್ಕೆ ಇಲ್ಲ, ಆದರೂ ಎರಡೂ ಬೆಳೆಯುತ್ತವೆ ಅಲ್ವಾ?

ಅಣ್ಣ ತಗೊಳ್ಳುತ್ತಿದ್ದದ್ದು ಮೈ ಹೊಸ ಲಿವರನ್ನು ತಿರಸ್ಕರಿಸದಂತೆ ತಡೆಯುವ ಗುಳಿಗೆಗಳು: ಟ್ಯಾಕ್ರೋಲಿಮಸ್, ಮೈಕೋಫಿನೊಲೇಟ್, ದಿನೇ ದಿನೇ ಇಳಿಸುತ್ತಿದ್ದ ಸ್ಟೀರಾಯ್ಡ್. ಟ್ಯಾಕ್ರೋಲಿಮಸ್ ಕಟ್ಟಿಹಾಕುವುದು ಮುಖ್ಯವಾಗಿ ರೋಗನಿರೋಧಕ ಟಿ ಕಣಗಳನ್ನು, ಲಿವರ್ ಕಣಗಳನ್ನಲ್ಲ. ಇಲಿಗಳ ಪ್ರಯೋಗಗಳಲ್ಲಂತೂ ಅದು ಬೆಳವಣಿಗೆಗೆ ಒತ್ತಾಸೆ ಕೊಟ್ಟದ್ದೂ ಇದೆ. ಸ್ಟೀರಾಯ್ಡ್ ವಿಷಯ ಬೇರೆ. ಲಿವರ್ ಬೆಳೆಯಲು ಮೊದಲು ಎಬ್ಬಿಸುವ ಐಎಲ್-6ರಂಥ ಸಂಕೇತಗಳನ್ನು ಅದು ತಗ್ಗಿಸುತ್ತದೆ.

ನಾಲ್ಕು ದಿನ ಬಿಟ್ಟು ಅಣ್ಣ ಬಂದರು. ಕೈ ನಡುಗುತ್ತಿತ್ತು, ಚಹಾ ಕಪ್ ಹಿಡಿಯಲಾಗುತ್ತಿರಲಿಲ್ಲ, ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಏರಿತ್ತು. ಜೊತೆಗಿದ್ದ ಜೂನಿಯರ್ ಡಾಕ್ಟರ್, 'ಸರ್, ಕಿಡ್ನಿ ಉಳಿಸಬೇಕಂದ್ರೆ ಟ್ಯಾಕ್ರೋಲಿಮಸ್‌ನಿಂದ ಎವೆರೋಲಿಮಸ್‌ಗೆ ಬದಲಿಸೋಣ' ಅಂದರು. ಪುಸ್ತಕದ ಪ್ರಕಾರ ತಪ್ಪಲ್ಲ, ದಿನ ಮಾತ್ರ ತಪ್ಪು. ಎವೆರೋಲಿಮಸ್, ಅದರದೇ ಜಾತಿಯ ಸಿರೋಲಿಮಸ್ ಎರಡೂ ಕಣದೊಳಗಿನ ಎಂಟಾರ್ ಅನ್ನೋ ಸ್ವಿಚ್ ಆರಿಸುತ್ತವೆ. ಕಣ ಉಬ್ಬಿ ಎರಡಾಗಲು ಬೇಕಾಗಿರುವುದೇ ಆ ಸ್ವಿಚ್. ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಲಿವರ್ ಬೆಳವಣಿಗೆ ನಿಧಾನವಾಗಿದೆ, ಗಾಯ ಮಾಯುವುದೂ ತಡ. ಲಿವರ್ ಕಸಿಯಾದ ಮೊದಲ 30 ದಿನ ಎವೆರೋಲಿಮಸ್ ಶುರು ಮಾಡಬಾರದು. ಸಿರೋಲಿಮಸ್‌ಗಂತೂ ಲಿವರಿನ ಅಪಧಮನಿಯಲ್ಲಿ ರಕ್ತ ಹೆಪ್ಪುಗಟ್ಟೀತು ಅನ್ನುವ ಎಚ್ಚರಿಕೆಯೇ ಇದೆ. ಅವತ್ತು 24ನೇ ದಿನ!

ಅಣ್ಣನ ಜೇಬಲ್ಲಿದ್ದ ಚೀಟಿ ತೆಗೆಸಿದೆ. ಕೆಮ್ಮಿಗೆ ಯಾರೋ ಕ್ಲಾರಿಥ್ರೋಮೈಸಿನ್ ಅನ್ನುವ ಆ್ಯಂಟಿಬಯಾಟಿಕ್ ಬರೆದಿದ್ದರು. ಅದು ಲಿವರಲ್ಲಿ ಟ್ಯಾಕ್ರೋಲಿಮಸ್ ಒಡೆಯುವ ಕಿಣ್ವವನ್ನು ತಡೆಯುತ್ತದೆ. ರಕ್ತದಲ್ಲಿ ಔಷಧಿ ಏರುತ್ತದೆ, ಕೈ ನಡುಗುತ್ತದೆ, ಕಿಡ್ನಿ ಸೊರಗುತ್ತದೆ. ಮರುದಿನ ಬೆಳಿಗ್ಗೆ ಗುಳಿಗೆ ತಗೊಳ್ಳುವ ಮುಂಚೆ, ಹಿಂದಿನ ಡೋಸ್ ಆಗಿ 12 ಗಂಟೆಗೆ ರಕ್ತ ತೆಗೆಸಿದೆ. ಗುಳಿಗೆ ನುಂಗಿ ಬಂದು ಸ್ಯಾಂಪಲ್ ಕೊಟ್ಟರೆ ಆ ಅಂಕಿ ಸುಮ್ನೆ ದಾರಿ ತಪ್ಪಿಸುತ್ತದೆ. ಟ್ಯಾಕ್ರೋಲಿಮಸ್ ಮಟ್ಟ ಬಂದದ್ದು ಮಿಲಿಲೀಟರಿಗೆ 21 ನ್ಯಾನೋಗ್ರಾಂ, ನಮಗೆ ಬೇಕಿದ್ದದ್ದು 8ರಿಂದ 10. ಬೆಂಗಳೂರಿನ ತಂಡಕ್ಕೆ ಫೋನ್ ಮಾಡಿ, ಆ ಆ್ಯಂಟಿಬಯಾಟಿಕ್ ನಿಲ್ಲಿಸಿ, ಟ್ಯಾಕ್ರೋಲಿಮಸ್ ಅವರು ಹೇಳಿದಷ್ಟು ದಿನ ತಡೆದು ಆಮೇಲೆ ಕಡಿಮೆ ಡೋಸಲ್ಲಿ ಶುರು ಮಾಡಿದೆ. ವಾರದಲ್ಲಿ ನಡುಕ ನಿಂತಿತು, ಕ್ರಿಯಾಟಿನಿನ್ ಇಳಿಯಿತು. ಎವೆರೋಲಿಮಸ್ ಬೇಕೇ ಆಗಲಿಲ್ಲ.

ಮೂರು ತಿಂಗಳಿಗೆ ಇಬ್ಬರ ಸಿಟಿ ಸ್ಕ್ಯಾನ್ ಬಂತು. ಎರಡೂ ಲಿವರ್ ಚೆನ್ನಾಗಿ ಬೆಳೆದಿದ್ದವು. ತಮ್ಮ ಫಿಲ್ಮ್ ಎರಡನ್ನೂ ಬೆಳಕಿಗೆ ಹಿಡಿದು, 'ನಂದs ದೊಡ್ಡದೈತಿ ನೋಡ್ರಿ' ಅಂದ. ಅವನು ತೋರಿಸಿದ್ದು ಅಣ್ಣನದು, ಫಿಲ್ಮ್ ಅದಲು ಬದಲಾಗಿತ್ತು.