ಸೆಗ್ವೇ ಏರಿ ಹಳೇ ಮ್ಯೂನಿಕ್ ನೋಡುವುದು ಹೇಗೆ?

ಸೆಗ್ವೇ ಅಂದರೆ ನಿಂತುಕೊಂಡೇ ಓಡಿಸುವ, ಎರಡು ಚಕ್ರದ ಬ್ಯಾಟರಿ ಗಾಡಿ. ಅದರ ಮೇಲೆ ಮೊದಲ ಸಲ ನಿಂತವರ ಕಣ್ಣು ಕಾಲ ಬುಡದಲ್ಲೇ ಇರುತ್ತದೆ. ಚಕ್ರ ಎಲ್ಲಿಗೆ ಹೋಗುತ್ತೋ, ಎಲ್ಲಿ ಜಾರುತ್ತೋ ಅನ್ನುವ ಭಯ. ಗೈಡ್ ಜೊತೆಗಿನ ಟೂರ್‌ನ ಮೂರು ಗಂಟೆ ಹಾಗೇ ಕಳೆದರೆ ಊರು ನೋಡಿದ ಹಾಗಾಗಲಿಲ್ಲ, ಹ್ಯಾಂಡಲ್ ನೋಡಿದ ಹಾಗಾಯಿತು. ಅದಕ್ಕೇ ಮೊದಲ ಅರ್ಧ ಗಂಟೆಯ ಕಲಿಕೆಗೆ ಅಷ್ಟು ಬೆಲೆ. ಆಗ ಸರಿಯಾಗಿ ಕಲಿತುಬಿಟ್ಟರೆ ಆಮೇಲೆ ಗಾಡಿ ಕಾಲ ಕೆಳಗಿದೆ ಅನ್ನುವುದೇ ಮರೆತುಹೋಗುತ್ತದೆ. ತಲೆ ಎತ್ತಿ ಊರು ನೋಡಬಹುದು.

ನಾನು ಹೇಳುತ್ತಿರುವುದು ಜರ್ಮನಿಯ ಮ್ಯೂನಿಕ್ ನಗರದ ಬಗ್ಗೆ. 2023ರ ನವೆಂಬರ್‌ನಲ್ಲಿ ಬೆಂಗಳೂರಿನಿಂದ ಅಲ್ಲಿಗೆ ನೇರ ವಿಮಾನ ಶುರುವಾಯಿತು. ಕೆಲಸಕ್ಕೆಂದು ಹೋಗಿ ನೆಲೆಸಿದ ಮಕ್ಕಳನ್ನು ನೋಡಲು ನಮ್ಮ ಕಡೆಯ ಅಪ್ಪ-ಅಮ್ಮಂದಿರು ಹೋಗಿ ಬರುತ್ತಿರುತ್ತಾರೆ. ನಾನೂ ನಮ್ಮಕ್ಕನೂ ಹೋಗಿದ್ದು ಹೀಗೆಯೇ, ಅವಳ ಮಗನ ಮನೆಗೆ.

ಹಳೇ ಮ್ಯೂನಿಕ್ ದೊಡ್ಡದಲ್ಲ. ಬರೀ ಮರಿಯನ್‌ಪ್ಲಾಟ್ಸ್ ಚೌಕ ಮತ್ತು ಅದರ ಅಕ್ಕಪಕ್ಕ ನೋಡಿದರೆ ಸಾಕು ಅನ್ನುವವರಿಗೆ ಸೆಗ್ವೇ ಬೇಕಿಲ್ಲ, ನಡೆದೇ ನೋಡಿ. ಅರಮನೆ, ಇಸಾರ್ ನದಿಯ ದಂಡೆ, ಆಚೆ ದಿಬ್ಬದ ಮೇಲಿರುವ ಬವೇರಿಯಾ ರಾಜ್ಯದ ವಿಧಾನಸಭೆಯ ಕಟ್ಟಡ, ಇಂಗ್ಲಿಷ್ ಗಾರ್ಡನ್ ಇವೆಲ್ಲ ಒಂದೇ ಮಧ್ಯಾಹ್ನ ಆಗಬೇಕು ಅಂದರೆ ಮಾತ್ರ ಈ ಗಾಡಿ ಉಪಯೋಗಕ್ಕೆ ಬರುತ್ತದೆ. ಒಂದು ಎಚ್ಚರಿಕೆ: ಮಂಡಿನೋವು ಇರುವವರಿಗೆ ಇದು ಸುಲಭ ಅಂತ ಅಂದುಕೊಳ್ಳಬೇಡಿ. ನಡೆಯುವ ಶ್ರಮ ಇಲ್ಲ ನಿಜ, ಆದರೆ ಉದ್ದಕ್ಕೂ ನಿಂತೇ ಇರಬೇಕು. ಒಂದು ಗಂಟೆ ಕಳೆಯುವಷ್ಟರಲ್ಲಿ ಪಾದ ಜೋಮು ಹಿಡಿಯುತ್ತದೆ. ಗಾಡಿ ನಿಲ್ಲಿಸಿದಾಗಲೆಲ್ಲ ಇಳಿದು ಬೆರಳು ಆಡಿಸಿ.

ಗಾಡಿ ನಿಲ್ಲುವುದು ಹೇಗೆ?

ಅಮೆರಿಕದ ಸಂಶೋಧಕ ಡೀನ್ ಕಾಮೆನ್ 2001ರ ಡಿಸೆಂಬರ್‌ನಲ್ಲಿ ಸೆಗ್ವೇಯನ್ನು ಜಗತ್ತಿಗೆ ತೋರಿಸಿದರು. ಎರಡು ಚಕ್ರ ಅಕ್ಕಪಕ್ಕ, ನಡುವೆ ನಿಲ್ಲಲು ಮಣೆಯಷ್ಟು ಜಾಗ, ಮುಂದೆ ಒಂದು ಹ್ಯಾಂಡಲ್. ಬ್ರೇಕ್ ಇಲ್ಲ, ಆಕ್ಸಿಲರೇಟರ್ ಇಲ್ಲ. ಹಾಗಾದರೆ ಓಡುವುದು ಹೇಗೆ?

ನಾವು ನಡೆಯುವುದನ್ನೇ ಗಮನಿಸಿ. ಮೈ ತುಸು ಮುಂದಕ್ಕೆ ವಾಲುತ್ತದೆ, ಬೀಳುವ ಮೊದಲು ಕಾಲು ಮುಂದೆ ಬಂದು ತಡೆಯುತ್ತದೆ. ಸೆಗ್ವೇಯಲ್ಲಿ ಕಾಲಿನ ಕೆಲಸವನ್ನು ಚಕ್ರ ಮಾಡುತ್ತದೆ. ಒಳಗಿರುವ ಗೈರೋಸ್ಕೋಪ್ ಸೆನ್ಸರ್‌ಗಳು ಸೆಕೆಂಡಿಗೆ ಸುಮಾರು 100 ಸಲ ನಿಮ್ಮ ವಾಲುವಿಕೆಯನ್ನು ಅಳೆಯುತ್ತವೆ. ಮುಂದೆ ವಾಲಿದರೆ ಚಕ್ರ ಮುಂದೆ, ಹಿಂದೆ ವಾಲಿದರೆ ನಿಧಾನ, ಆಮೇಲೆ ನಿಲುಗಡೆ. ತಿರುಗಬೇಕಾದರೆ ಹ್ಯಾಂಡಲ್ ಅನ್ನು ಆ ಕಡೆಗೆ ಓರೆ ಮಾಡಬೇಕು. ಟೂರ್‌ಗಳಲ್ಲಿ ಹೆಚ್ಚಾಗಿ ಕಾಣುವ ಐ2 ಮಾದರಿಯ ತೂಕ ಸುಮಾರು 48 ಕಿಲೋ, ಗರಿಷ್ಠ ವೇಗ ಗಂಟೆಗೆ 20 ಕಿಲೋಮೀಟರ್. ನಿಮ್ಮ ತೂಕ 45ರಿಂದ 118 ಕಿಲೋ ಒಳಗಿರಬೇಕು. ಅದಕ್ಕಿಂತ ಹಗುರ ಇದ್ದವರು ಹಿಂದೆ ವಾಲಿದರೂ ಗಾಡಿ ಸರಿಯಾಗಿ ನಿಲ್ಲದೇ ಹೋಗಬಹುದು. ಹಾಗಾಗಿ ಚಿಕ್ಕ ಮಕ್ಕಳನ್ನು ಹತ್ತಿಸಿ ಅಂತ ಒತ್ತಾಯ ಮಾಡಬೇಡಿ. ಗರ್ಭಿಣಿಯರಿಗೂ ಇದು ಬೇಡ.

ಬುಕ್ ಮಾಡುವಾಗ ಕೇಳಬೇಕಾದ್ದು

ಮೊದಲು ಕೇಳಬೇಕಾದ್ದು ತರಬೇತಿಗೆ ಎಷ್ಟು ಹೊತ್ತು ಕೊಡುತ್ತಾರೆ ಅಂತ. ಐದೇ ನಿಮಿಷ ಅಂದರೆ ಬೇರೆ ಕಡೆ ನೋಡಿ. ಒಬ್ಬ ಗೈಡ್ ಹಿಂದೆ ಎಷ್ಟು ಜನ ಅನ್ನುವುದೂ ಮುಖ್ಯ. ಆರೇಳು ಜನ ಆದರೆ ಒಳ್ಳೆಯದು, ಹತ್ತು ದಾಟಿದರೆ ಸಾಲಿನ ಕೊನೆಯವರ ಕಷ್ಟ ಗೈಡ್‌ಗೆ ಕಾಣುವುದಿಲ್ಲ. ಈ ಹಳೇ ಮಾದರಿಯ ಸೆಗ್ವೇ ತಯಾರಿಕೆ 2020ರ ಜುಲೈನಲ್ಲೇ ನಿಂತಿದೆ. ಈಗ ಓಡುತ್ತಿರುವವು ಹಳೆಯ ಗಾಡಿಗಳು. ಸರ್ವಿಸ್, ಬ್ಯಾಟರಿ ಬಗ್ಗೆ ಧಾರಾಳವಾಗಿ ಕೇಳಿ, ಸಂಕೋಚ ಬೇಡ.

ಜರ್ಮನಿಯ ಕಾನೂನು ಸ್ಪಷ್ಟವಾಗಿದೆ. 2019ರ ಜೂನ್‌ನಲ್ಲಿ ಬಂದ ನಿಯಮದ ಪ್ರಕಾರ ಓಡಿಸುವವರಿಗೆ ಕನಿಷ್ಠ 14 ವರ್ಷ ಆಗಿರಬೇಕು. ಲೈಸೆನ್ಸ್ ಬೇಕಿಲ್ಲ, ಆದರೆ ಗಾಡಿಗೆ ವಿಮೆಯ ಚೀಟಿ ಅಂಟಿಸಿರಬೇಕು. ಫುಟ್‌ಪಾತ್ ಮೇಲೆ ಓಡಿಸುವಂತಿಲ್ಲ. ಸೈಕಲ್ ದಾರಿ ಇದ್ದರೆ ಅದರಲ್ಲೇ ಹೋಗಬೇಕು, ಇಲ್ಲದಿದ್ದರೆ ರಸ್ತೆಯಲ್ಲಿ. ಒಂದು ಗಾಡಿಗೆ ಒಬ್ಬರೇ. ಕುಡಿದು ಓಡಿಸಿದರೆ ಕಾರಿಗಿರುವ ನಿಯಮವೇ ಇದಕ್ಕೂ. ಮ್ಯೂನಿಕ್ ಅಂದರೆ ಬಿಯರ್ ಅಲ್ವಾ ಅನ್ನುವವರು ಅದನ್ನು ಟೂರ್ ಮುಗಿದ ಮೇಲಕ್ಕೆ ಇಟ್ಟುಕೊಳ್ಳಿ. ಕಾನೂನು ಹೀಗಿದ್ದರೂ ಟೂರ್ ನಡೆಸುವವರು ವಯಸ್ಸಿಗೆ, ಲೈಸೆನ್ಸ್‌ಗೆ ತಮ್ಮದೇ ಷರತ್ತು ಹಾಕಬಹುದು. ಕೇಳಿಯೇ ದುಡ್ಡು ಕಟ್ಟಿ.

ಸಹಿ ಹಾಕಿಸಿಕೊಳ್ಳುವ ಕಾಗದ ಓದದೆ ಸಹಿ ಹಾಕಬೇಡಿ. ಗಾಡಿಗೆ ಏಟಾದರೆ ಯಾರು ಎಷ್ಟು ಕೊಡಬೇಕು ಅನ್ನುವುದು ಅದರಲ್ಲಿರುತ್ತದೆ. ನಿಮ್ಮ ಪ್ರವಾಸ ವಿಮೆಯಲ್ಲಿ ಇಂಥ ಗಾಡಿ ಓಡಿಸಿ ಬಿದ್ದರೆ ದುಡ್ಡು ಸಿಗುತ್ತದೆಯೇ ಅಂತ ಹೊರಡುವ ಮೊದಲೇ ವಿಮೆಯವರಿಂದ ಬರಹದಲ್ಲಿ ಪಡೆದುಕೊಳ್ಳಿ.

ಉಡುಪು, ಚೀಲ

ಹಿಮ್ಮಡಿ ಎತ್ತರವಿಲ್ಲದ, ಪಾದಕ್ಕೆ ಬಿಗಿಯಾಗಿ ಕೂರುವ ಶೂ. ಚಪ್ಪಲಿ ಬೇಡ. ಸೀರೆ ಉಟ್ಟು ಹತ್ತಬೇಡಿ, ಚಕ್ರ ಕಾಲಿಗೆ ಅಷ್ಟು ಹತ್ತಿರ ಇರುತ್ತದೆ. ಚೂಡಿದಾರ್ ಆದರೆ ದುಪಟ್ಟಾ ತೆಗೆದಿಡಿ. ಬೇಸಿಗೆಯಲ್ಲೂ ಮಧ್ಯಾಹ್ನ ದಿಢೀರ್ ಮಳೆ ಬರಬಹುದು, ತೆಳ್ಳನೆಯ ರೇನ್‌ಕೋಟ್ ಇರಲಿ. ಕೊಡೆ ಹಿಡಿದು ಇದನ್ನು ಓಡಿಸಲಾಗುವುದಿಲ್ಲ. ಹೆಲ್ಮೆಟ್ ಅವರೇ ಕೊಡುತ್ತಾರೆ. ಗಲ್ಲದ ಪಟ್ಟಿಯಲ್ಲಿ ಎರಡು ಬೆರಳು ಹೋಗುವಷ್ಟು ಸಡಿಲ ಸಾಕು.

ಕೈಚೀಲವನ್ನು ಹ್ಯಾಂಡಲ್‌ಗೆ ನೇತುಹಾಕಬೇಡಿ. ನಾನು ಅಭ್ಯಾಸದ ಅಂಗಳದಲ್ಲಿ ನೀರಿನ ಬಾಟಲಿ ಇದ್ದ ಚೀಲ ನೇತುಹಾಕಿದೆ. ಆ ಭಾರಕ್ಕೆ ಹ್ಯಾಂಡಲ್ ಎಡಕ್ಕೆ ಓರೆಯಾಯಿತು, ಗಾಡಿ ತನ್ನಷ್ಟಕ್ಕೆ ಎಡಕ್ಕೆ ತಿರುಗತೊಡಗಿತು. ಹ್ಯಾಂಡಲ್ ಓರೆಯಾಗಿದ್ದು ಕೈಯಿಂದಲೋ ಚೀಲದಿಂದಲೋ ಅನ್ನುವುದು ಗಾಡಿಗೆ ಗೊತ್ತಾಗುವುದಿಲ್ಲ. ಚೀಲ ಬೆನ್ನಿಗಿರಲಿ.

ಹತ್ತುವುದು, ಇಳಿಯುವುದು

ಈ ಭಾಗವನ್ನು ಎರಡು ಸಲ ಓದಿ.

ಗೈಡ್ ಗಾಡಿ ಆನ್ ಮಾಡಿ ಹಿಡಿದುಕೊಳ್ಳುತ್ತಾರೆ. ಐ2 ಮಾದರಿಯಲ್ಲಿ ಪುಟ್ಟ ತೆರೆಯ ಮೇಲೆ ನಗುಮುಖ ಬಂದರೆ ಹತ್ತಬಹುದು ಅಂತ ಅರ್ಥ. ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿಯಿರಿ, ಆದರೆ ಅದರ ಮೇಲೆ ಭಾರ ಹಾಕಬೇಡಿ, ಎಳೆಯಲೂ ಬೇಡಿ. ಒಂದು ಕಾಲಿಡಿ. ಕೂಡಲೇ, ಗಾಬರಿಯಿಲ್ಲದೆ, ಇನ್ನೊಂದು ಕಾಲಿಡಿ. ಒಂದೇ ಕಾಲು ಇಟ್ಟು ಯೋಚಿಸುತ್ತ ನಿಂತರೆ ಗಾಡಿ ಅಲ್ಲಾಡಲು ಶುರು ಮಾಡುತ್ತದೆ.

ಹತ್ತಿದ ಕೂಡಲೇ ಗಾಡಿ ಹಿಂದೆ ಮುಂದೆ ತೂಗುತ್ತದೆ. ನಿಜಕ್ಕೂ ತೂಗುತ್ತಿರುವುದು ನಮ್ಮ ಮೈ. ಹಿಂದೆ ಹೋಯಿತು ಅಂತ ಹೆದರಿ ಮುಂದೆ ವಾಲುತ್ತೇವೆ, ಮುಂದೆ ಹೋಯಿತು ಅಂತ ಮತ್ತೆ ಹಿಂದೆ. ಅಕ್ಕ ಹತ್ತಿದಾಗ ಹೀಗೇ ಆಯಿತು. ಗೈಡ್ ಅವಳ ಮುಂದೆ ನಿಂತು, ಕೆಳಗೆ ನೋಡಬೇಡಿ, ನನ್ನ ಮುಖ ನೋಡಿ ಅಂದರು. ಅವಳು ಕತ್ತೆತ್ತಿ ನೋಡಿದಳು. ನಾಲ್ಕೈದು ಉಸಿರಿನಲ್ಲಿ ಗಾಡಿ ಕಲ್ಲಿನ ಹಾಗೆ ನಿಂತಿತು. "ತಲೆ ಮೇಲೆ ಕೊಡ ಇದೆ ಅಂದ್ಕೊಂಡೆ ಕಣೋ, ಸರಿ ಹೋಯ್ತು" ಅಂದಳು. ಅದಕ್ಕಿಂತ ಒಳ್ಳೆಯ ಪಾಠ ನಾನು ಕೇಳಿಲ್ಲ. ಬೆನ್ನು ನೇರ, ಮಂಡಿ ಸಡಿಲ, ಕಣ್ಣು ದೂರಕ್ಕೆ. ಮುಂದೆ ಹೋಗಬೇಕಾದರೆ ಸೊಂಟ ಬಗ್ಗಿಸಬೇಕಿಲ್ಲ, ಭಾರವನ್ನು ಹಿಮ್ಮಡಿಯಿಂದ ಕಾಲ್ಬೆರಳ ಕಡೆಗೆ ಜಾರಿಸಿದರೆ ಸಾಕು. ನಿಲ್ಲಿಸಲು ಮತ್ತೆ ಹಿಮ್ಮಡಿಗೆ.

ಇಳಿಯುವುದು ಹತ್ತುವುದಕ್ಕಿಂತ ಮುಖ್ಯ. ಗಾಡಿ ಪೂರ್ತಿ ನಿಲ್ಲಲಿ. ಹಿಂದಕ್ಕೆ ಒಂದು ಕಾಲು ಇಳಿಸಿ, ಆಮೇಲೆ ಇನ್ನೊಂದು. ಎರಡೂ ಕಾಲು ನೆಲಕ್ಕೆ ತಾಗುವವರೆಗೂ ಹ್ಯಾಂಡಲ್ ನೆಟ್ಟಗಿರಲಿ. ಅದನ್ನು ಎದೆಯ ಕಡೆ ಎಳೆದುಕೊಂಡರೆ ಗಾಡಿ ಹಿಂದಕ್ಕೆ ಬಂದು ಮೊಣಕಾಲಿಗೆ ಬಡಿಯುತ್ತದೆ. ಇಳಿದ ಮೇಲೂ ಗೈಡ್ ಹೇಳುವವರೆಗೆ ಕೈ ಬಿಡಬೇಡಿ. ಬಿಟ್ಟರೆ 48 ಕಿಲೋ ತೂಕದ ಗಾಡಿ ಒಂಟಿಯಾಗಿ ಉರುಳಿಕೊಂಡು ಯಾರ ಕಾಲಿಗಾದರೂ ಬಡಿಯಬಹುದು.

ಅಂಗಳ ಬಿಡುವ ಮೊದಲು ಇಷ್ಟು ಬರಲೇಬೇಕು: ಹೇಳಿದ ಜಾಗದಲ್ಲಿ ನಿಲ್ಲಿಸುವುದು, ನಿಂತಲ್ಲೇ ಸುತ್ತುವುದು, ಎರಡು ಕೋನ್‌ಗಳ ನಡುವೆ ನುಸುಳುವುದು. ಬರದಿದ್ದರೆ ಇನ್ನೈದು ನಿಮಿಷ ಕೊಡಿ ಅಂತ ಕೇಳಿ. ಉಳಿದವರು ಕಾಯುತ್ತಾರೆ ಅಂತ ಮುಜುಗರ ಬೇಡ.

ರಸ್ತೆಗೆ ಇಳಿದ ಮೇಲೆ

ಎಲ್ಲರೂ ಗೈಡ್ ಹಿಂದೆ ಒಂದೇ ಸಾಲಿನಲ್ಲಿ. ಮುಂದಿನವರಿಗೂ ನಿಮಗೂ ಮೂರು ನಾಲ್ಕು ಮೀಟರ್ ಅಂತರ. ಅಲ್ಲಿ ವಾಹನಗಳು ಬಲಕ್ಕೆ ಹೋಗುತ್ತವೆ. ನಮ್ಮ ಅಭ್ಯಾಸ ಎಡದ್ದು, ತಿರುವಿನಲ್ಲಿ ಇದು ನೆನಪಿರಲಿ. ವೇಗದ ಮಿತಿ ದಾಟಲು ಹೋದರೆ ಹ್ಯಾಂಡಲ್ ತಾನಾಗಿ ನಿಮ್ಮ ಕಡೆಗೆ ಒತ್ತಿಕೊಂಡು ಬರುತ್ತದೆ. ನಿಧಾನ ಮಾಡು ಅಂತ ಗಾಡಿ ಹೇಳುವ ರೀತಿ ಅದು. ಅದರ ವಿರುದ್ಧ ಬಲ ಹಾಕಬೇಡಿ.

ಮ್ಯೂನಿಕ್‌ನಲ್ಲಿ ನಿಜವಾಗಿ ಜೋಪಾನವಾಗಿರಬೇಕಾದ್ದು ಟ್ರಾಮ್ ಹಳಿಗಳ ಹತ್ತಿರ. ಹಳಿಯ ಪಕ್ಕದಲ್ಲಿ ಬೆರಳು ಇಳಿಯುವಷ್ಟು ಸಂದು ಇರುತ್ತದೆ. ಮಳೆ ಬಿದ್ದರೆ ಉಕ್ಕು ಸೋಪು ಹಚ್ಚಿದ ಹಾಗೆ ಜಾರುತ್ತದೆ. ಓರೆಯಾಗಿ ದಾಟಲು ಹೋಗಬೇಡಿ. ವೇಗ ಇಳಿಸಿ, ಗಾಡಿಯನ್ನು ಹಳಿಗೆ ನೇರ ಅಡ್ಡಕ್ಕೆ ತಿರುಗಿಸಿ, ಮಂಡಿ ಸಡಿಲ ಬಿಟ್ಟು, ಎರಡೂ ಚಕ್ರ ಒಟ್ಟಿಗೆ ದಾಟುವ ಹಾಗೆ ಹೋಗಿ. ಒಂದು ಚಕ್ರ ಮೊದಲು ಕುಲುಕಿದರೆ ಗಾಡಿ ಆ ಕಡೆಗೆ ತಿರುಗಿಬಿಡುತ್ತದೆ. ಕಲ್ಲು ಹಾಸಿದ ಬೀದಿಗೂ ಇದೇ ಮಾತು, ಮಂಡಿ ಬಿಗಿಯಾದರೆ ಹಲ್ಲು ಕಟಕಟ ಅನ್ನುತ್ತದೆ. ಫುಟ್‌ಪಾತಿನ ಅಂಚಿಗೆ ಚಕ್ರ ತಾಗಿಸಬೇಡಿ. ಸೆಗ್ವೇಯಿಂದ ಬೀಳುವವರು ಹೆಚ್ಚಾಗಿ ಹೀಗೆ ಚಕ್ರ ತಡೆದಾಗಲೇ ಬೀಳುತ್ತಾರೆ.

ನಡೆಯುವವರು ಬಂದರೆ ದಾರಿ ಅವರದು. ಇದು ಬರೀ ಸಭ್ಯತೆಯ ಮಾತಲ್ಲ. ಚೆಕ್ ದೇಶದ ರಾಜಧಾನಿ ಪ್ರಾಗ್‌ನಲ್ಲಿ ನಡೆಯುವವರ ದೂರು ಜಾಸ್ತಿಯಾಗಿ 2016ರಲ್ಲಿ ಹಳೇ ಊರಿನೊಳಗೆ ಸೆಗ್ವೇಯನ್ನೇ ನಿಷೇಧಿಸಿದರು. ಬೇರೆಯವರ ಊರಿನಲ್ಲಿ, ಅವರು ತರಕಾರಿ ಚೀಲ ಹಿಡಿದು ಓಡಾಡುವ ಬೀದಿಯಲ್ಲಿ ನಾವು ಗಾಡಿ ಏರಿ ಹೋಗುತ್ತಿರುತ್ತೇವೆ. ಆ ಎಚ್ಚರ ಇರಲೇಬೇಕು.

ಎಲ್ಲೆಲ್ಲಿ ಇಳಿಯಬೇಕು

ಗಾಡಿ ಮೇಲಿಂದಲೇ ಎಲ್ಲ ನೋಡಿ ಮುಗಿಸಬೇಡಿ. ದಾರಿ ಟೂರ್‌ನಿಂದ ಟೂರ್‌ಗೆ ಬೇರೆ, ಆದರೆ ಓಡಿಯನ್ಸ್‌ಪ್ಲಾಟ್ಸ್ ಚೌಕದ ಕಡೆ ಹೋದರೆ ಅಲ್ಲಿ ಇಳಿಯಲೇಬೇಕು. ಮೂರು ಕಮಾನಿನ ಫೆಲ್ಡ್‌ಹೆರ್ನ್‌ಹಾಲೆ ಕಟ್ಟಡ ಅಲ್ಲಿದೆ. 1923ರ ನವೆಂಬರ್ 9ರಂದು ಹಿಟ್ಲರನ ಮೊದಲ ದಂಗೆಯನ್ನು ಪೊಲೀಸರು ಇದರ ಬಳಿ ತಡೆದರು. ದಂಗೆಕೋರರ ಜೊತೆಗೆ ನಾಲ್ವರು ಪೊಲೀಸರೂ ಸತ್ತರು. ಮುಂದೆ ಅಧಿಕಾರಕ್ಕೆ ಬಂದ ನಾಜಿಗಳು ಸತ್ತ ತಮ್ಮವರಿಗೆ ಅಲ್ಲಿ ಸ್ಮಾರಕ ಇಟ್ಟು, ದಾಟಿ ಹೋಗುವವರೆಲ್ಲ ಕೈ ಚಾಚಿ ಸಲಾಮು ಹೊಡೆಯಬೇಕು ಅಂದರು. ಅದಕ್ಕೆ ಒಪ್ಪದವರು ಏನು ಮಾಡಿದರು? ಸ್ಮಾರಕ ಬರುವ ಮೊದಲೇ ಹಿಂದಿನ ವಿಸ್ಕಾರ್ಡಿ ಗಲ್ಲಿಗೆ ತಿರುಗಿ, ಸುತ್ತು ಹಾಕಿ ಹೋದರು. ಆ ಗಲ್ಲಿಯ ಬೂದು ಕಲ್ಲುಗಳ ನಡುವೆ ಕಂಚಿನ ಕಲ್ಲುಗಳ ಒಂದು ಪಟ್ಟಿ ಹಾವಿನಂತೆ ಬಳುಕಿ ಹೋಗುತ್ತದೆ. ಅವರ ನೆನಪಿಗೆ 1995ರಲ್ಲಿ ಹಾಕಿದ್ದು. ತುಳಿದು ತುಳಿದು ಹೊಳೆಯುತ್ತದೆ. ಗೋಡೆಯ ಮೇಲೆ ಕಣ್ಣಿಟ್ಟು ಹೋದರೆ ಕಾಣುವುದಿಲ್ಲ. ಇದೊಂದು ಕಡೆ ಕೆಳಗೆ ನೋಡಿ. ಅಕ್ಕ ಆ ಪಟ್ಟಿಯ ಮೇಲೆ ಕಾಲಿಡದೆ ಪಕ್ಕದಲ್ಲೇ ಮೆಲ್ಲಗೆ ನಡೆದು ಗಲ್ಲಿಯ ತುದಿಯವರೆಗೂ ಹೋಗಿ ಬಂದಳು.

ಹತ್ತಿರದಲ್ಲೇ ರೆಸಿಡೆನ್ಸ್ ಅರಮನೆ. ಬಾಗಿಲ ಬಳಿಯ ಕಂಚಿನ ಸಿಂಹಗಳು ಹಿಡಿದಿರುವ ಗುರಾಣಿಗಳ ಮೇಲೆ ಪುಟ್ಟ ಮುಖಗಳಿವೆ. ಆ ಮೂತಿ ಸವರಿದರೆ ಒಳ್ಳೆಯದಾಗುತ್ತದೆ ಅನ್ನುವ ನಂಬಿಕೆ. ಊರಿನವರು ನಡಿಗೆ ನಿಲ್ಲಿಸದೆ, ಹಾದುಹೋಗುತ್ತಲೇ ಕೈ ಆಡಿಸಿ ಹೋಗುತ್ತಾರೆ. ಅದಷ್ಟೇ ಜಾಗ ಚಿನ್ನದ ಹಾಗೆ ಫಳಫಳ.

ಇಂಗ್ಲಿಷ್ ಗಾರ್ಡನ್ 1789ರಲ್ಲಿ ಶುರುವಾದ ಉದ್ಯಾನ, ಸುಮಾರು 375 ಹೆಕ್ಟೇರ್. ಅಂದರೆ ನಮ್ಮ ಲಾಲ್‌ಬಾಗ್‌ನ ಮೂರು ಪಟ್ಟಿಗಿಂತ ಜಾಸ್ತಿ. ಟೂರ್‌ನಲ್ಲಿ ಸಿಗುವುದು ಅದರ ಅಂಚು ಮಾತ್ರ. ಅದಕ್ಕೆ ಇನ್ನೊಂದು ದಿನ ಎತ್ತಿಡಿ, ನಡೆದು ನೋಡಿ.

ಎಷ್ಟು ಹೊತ್ತಿಗೆ ಹೊರಡಬೇಕು?

ಮರಿಯನ್‌ಪ್ಲಾಟ್ಸ್ ಸುತ್ತಲಿನ ಬೀದಿಗಳು 1972ರಿಂದ ನಡೆಯುವವರಿಗೆ ಮೀಸಲು. ಅಲ್ಲಿನ ಹೊಸ ಪುರಭವನದ ಗಡಿಯಾರದ ಬೊಂಬೆಗಳು ಕುಣಿಯುವುದನ್ನು ನೋಡಲು ಹೇಗೂ ನಡೆದೇ ಹೋಗಬೇಕು. ದಿನವೂ ಬೆಳಿಗ್ಗೆ 11ಕ್ಕೆ ಮತ್ತು ಮಧ್ಯಾಹ್ನ 12ಕ್ಕೆ, ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಸಂಜೆ 5ಕ್ಕೂ ಕುಣಿಯುತ್ತವೆ. ಹಾಗಾಗಿ ಬೇಸಿಗೆಯಲ್ಲಿ ಹೋದವರು ಮಧ್ಯಾಹ್ನ ಒಂದೂವರೆ ಸುಮಾರಿಗೆ ಹೊರಡುವ ಟೂರ್ ಹಿಡಿಯಿರಿ. ನಾಲ್ಕೂವರೆಗೆ ಮುಗಿಯುತ್ತದೆ. ಗಾಡಿ ಒಪ್ಪಿಸುವಾಗ ಗೈಡ್ ಎದುರಿಗೇ ಅದರ ಫೋಟೋ ತೆಗೆದುಕೊಂಡು, ಹೆಲ್ಮೆಟ್, ಗೈಡ್ ಮಾತು ಕೇಳಲು ಕೊಟ್ಟಿದ್ದ ಕಿವಿಯ ಸ್ಪೀಕರ್ ಹಿಂದಿರುಗಿಸಿ.

ಇಳಿದ ಮೇಲೆ ಒಂದೆರಡು ನಿಮಿಷ ನೆಲವೇ ತೇಲಿದ ಹಾಗೆ ಅನ್ನಿಸಬಹುದು, ದೋಣಿ ಇಳಿದಾಗ ಆಗುವ ಹಾಗೆ. ಕೂತು ನೀರು ಕುಡಿಯಿರಿ. ಆಮೇಲೆ ನಿಧಾನವಾಗಿ ಚೌಕಕ್ಕೆ ನಡೆಯಿರಿ. ಗೋಪುರದಲ್ಲಿ 43 ಗಂಟೆಗಳಿವೆ, 32 ಬೊಂಬೆಗಳಿವೆ. ಮೇಲಿನ ಅಂತಸ್ತಿನಲ್ಲಿ 1568ರ ಒಂದು ರಾಜಮನೆತನದ ಮದುವೆ ನಡೆಯುತ್ತದೆ, ಕುದುರೆ ಏರಿದ ಇಬ್ಬರು ವೀರರು ಈಟಿ ಹಿಡಿದು ಎದುರಾಗುತ್ತಾರೆ. ನೀಲಿ-ಬಿಳಿ ಬಣ್ಣದ ಬವೇರಿಯಾದವನು ಗೆಲ್ಲುತ್ತಾನೆ. ಕೆಳಗಿನ ಅಂತಸ್ತಿನಲ್ಲಿ ಪೀಪಾಯಿ ಮಾಡುವವರ ಕುಣಿತ. ಬೊಂಬೆಗಳು ನಿಂತ ಕೂಡಲೇ ಜನ ಚದುರಲು ಶುರು ಮಾಡುತ್ತಾರೆ. ನೀವು ಹೊರಡಬೇಡಿ. ತುಟ್ಟತುದಿಯಲ್ಲಿ ಒಂದು ಚಿನ್ನದ ಬಣ್ಣದ ಹುಂಜ ಇದೆ. ಎಲ್ಲ ಮುಗಿದ ಮೇಲೆ ಅದು ಮೂರು ಸಲ ಕೂಗುತ್ತದೆ.