ಹಳೆಯ ಸ್ಕಾಟಿಷ್ ಪಠ್ಯ: ಅಚ್ಚಿನ ಪುಟದಿಂದ ಹಸ್ತಪ್ರತಿಗೆ ಹೋಗುವ ಬಗೆ

ಸ್ಕಾಟ್ಲೆಂಡಿನ 16 ಮತ್ತು 17ನೇ ಶತಮಾನದ ಚರ್ಚ್ ಕಡತಗಳೂ ಪದ್ಯಗಳೂ ಇಂದು ನಮಗೆ ಹೆಚ್ಚಾಗಿ ಸಿಗುವುದು 19ನೇ ಶತಮಾನದ ಸಂಪುಟಗಳಲ್ಲಿ. 1823ರಲ್ಲಿ ವಾಲ್ಟರ್ ಸ್ಕಾಟ್ ಎಡಿನ್‌ಬರೋದಲ್ಲಿ ಕಟ್ಟಿದ ಬ್ಯಾನಟೈನ್ ಕ್ಲಬ್, 1828ರಲ್ಲಿ ಗ್ಲಾಸ್ಗೋದಲ್ಲಿ ಶುರುವಾದ ಮೇಟ್ಲೆಂಡ್ ಕ್ಲಬ್, 1841ರ ವುಡ್ರೋ ಸೊಸೈಟಿ ಇವೆಲ್ಲ ಹಳೆಯ ಪಠ್ಯಗಳನ್ನು ಅಚ್ಚು ಹಾಕಿಸಲೆಂದೇ ಹುಟ್ಟಿದವು. ಅವರ ಶ್ರಮ ದೊಡ್ಡದು. ಆದರೆ ಅಚ್ಚಾದದ್ದೇ ಮೂಲವೆಂದು ನಂಬಿ ಬರೆಯಲು ಕೂತರೆ ಮುಗ್ಗರಿಸುತ್ತೀರಿ.

ಮೊದಲು ಪೀಠಿಕೆ ಓದಿ. ಸಂಪಾದಕ ಯಾವ ಹಸ್ತಪ್ರತಿ ನೋಡಿದ, ಅದು ಮೂಲವೋ ನಕಲೋ, ಈಗ ಎಲ್ಲಿದೆ ಎಂಬ ಮೂರು ಸಂಗತಿಗಳನ್ನು ಬರೆದಿಟ್ಟುಕೊಳ್ಳಿ. ಸ್ಕಾಟ್ಲೆಂಡಿನ ಪ್ರಾಟೆಸ್ಟಂಟ್ ಮುಖಂಡ ಜಾನ್ ನಾಕ್ಸ್ ಬರೆದ ಧರ್ಮಸುಧಾರಣೆಯ ಇತಿಹಾಸವನ್ನೇ ನೋಡಿ. 1644ರಲ್ಲಿ ಡೇವಿಡ್ ಬುಕಾನನ್ ಅಚ್ಚು ಹಾಕಿಸಿದ ಪಠ್ಯದಲ್ಲಿ ನಾಕ್ಸ್ ಬರೆಯದ ಮಾತುಗಳು ಸೇರಿಕೊಂಡಿವೆ. ಡೇವಿಡ್ ಲೇಂಗ್ 1566ರ ಹಸ್ತಪ್ರತಿಯನ್ನು ಆಧಾರವಾಗಿಟ್ಟುಕೊಂಡು ಅದನ್ನು ಮತ್ತೆ ಸಂಪಾದಿಸಿದ. 1846ರಿಂದ 1864ರವರೆಗೆ ಹೊರಬಂದ, ಅವನು ಸಂಪಾದಿಸಿದ ನಾಕ್ಸ್ ಕೃತಿಗಳ ಆರು ಸಂಪುಟಗಳಲ್ಲಿ ಮೊದಲ ಎರಡು ಈ ಇತಿಹಾಸವೇ. ಎರಡೂ ಮುದ್ರಣ ಸಿಗುತ್ತಿದ್ದರೆ ಯಾವುದನ್ನು ಉದ್ಧರಿಸಬೇಕೆಂದು ಬೇರೆ ಹೇಳಬೇಕಿಲ್ಲ.

ಕೆಲವೊಮ್ಮೆ ಹಿಂದಕ್ಕೆ ಹೋಗಲು ದಾರಿಯೇ ಇರುವುದಿಲ್ಲ. 1560ರಿಂದ ಮೊದಲಾಗುವ ಜನರಲ್ ಅಸೆಂಬ್ಲಿಯ (ಸ್ಕಾಟ್ಲೆಂಡ್ ಚರ್ಚಿನ ಮಹಾಸಭೆ) ಮೂಲ ಕಡತಗಳನ್ನು ಸಮಿತಿಯೊಂದರ ಮುಂದಿಡಲು ಲಂಡನ್ನಿನ ಪಾರ್ಲಿಮೆಂಟಿಗೆ ಒಯ್ದಿದ್ದರು. 1834ರ ಅಕ್ಟೋಬರ್ 16ರ ಬೆಂಕಿಯಲ್ಲಿ ಅವು ಸುಟ್ಟುಹೋದವು. ಥಾಮಸ್ ಥಾಮ್ಸನ್ 1839ರಿಂದ 1845ರವರೆಗೆ ಹೊರತಂದ ಸಂಪುಟಗಳು ಉಳಿದಿದ್ದ ನಕಲು, ಸಾರಾಂಶಗಳನ್ನು ಜೋಡಿಸಿ ಕಟ್ಟಿದವು. ಇಂಥ ಕಡೆ ಟಿಪ್ಪಣಿಯಲ್ಲಿ ‘ಅಸೆಂಬ್ಲಿಯ ಕಡತ ಹೀಗೆನ್ನುತ್ತದೆ’ ಎಂದು ಬರೆಯಬೇಡಿ, ‘ಥಾಮ್ಸನ್ ಪಠ್ಯದಂತೆ’ ಎಂದು ಬರೆಯಿರಿ.

ಪೀಠಿಕೆಯನ್ನು ಆಧಾರಗಳಿಗಾಗಿ ನಂಬಿ, ಕರ್ತೃತ್ವದ ತೀರ್ಮಾನಕ್ಕಾಗಿ ಅಲ್ಲ. 1549ರ ಸುಮಾರಿನ ‘ಕಂಪ್ಲೇಂಟ್ ಆಫ್ ಸ್ಕಾಟ್ಲೆಂಡ್’ ಗ್ರಂಥದ ಉಳಿದ ಪ್ರತಿಗಳಿಗೆ ಮುಖಪುಟವೇ ಇಲ್ಲ. 1801ರಲ್ಲಿ ಅದನ್ನು ಸಂಪಾದಿಸಿದ ಜಾನ್ ಲೇಡನ್ ಉದ್ದದ ಪೀಠಿಕೆ ಬರೆದು, ಕರ್ತೃ ಡೇವಿಡ್ ಲಿಂಡ್ಸೆ ಎಂದ. ಇಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುವುದು ರಾಬರ್ಟ್ ವೆಡರ್‌ಬರ್ನ್ ಹೆಸರನ್ನು. (ಇದೇ ಲೇಡನ್ ಮುಂದೆ ಮದ್ರಾಸಿಗೆ ಬಂದು, ಕಾಲಿನ್ ಮೆಕೆಂಜಿಯ ಮೈಸೂರು ಸರ್ವೆಯ ಜೊತೆ ನಮ್ಮ ಸೀಮೆಯಲ್ಲಿ ಓಡಾಡಿದವನು.)

ಪದ್ಯಕ್ಕೆ ಬಂದರೆ ಇನ್ನೂ ಎಚ್ಚರ ಬೇಕು. 1568ರಲ್ಲಿ ಎಡಿನ್‌ಬರೋದಲ್ಲಿ ಪ್ಲೇಗ್ ಹಬ್ಬಿದ್ದಾಗ ಜಾರ್ಜ್ ಬ್ಯಾನಟೈನ್ ನಕಲು ಮಾಡಿದ ಪದ್ಯಸಂಗ್ರಹ ಈಗ ಸ್ಕಾಟ್ಲೆಂಡ್ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. 1724ರಲ್ಲಿ ಅಲನ್ ರ‍್ಯಾಮ್ಸೆ ಅದರಿಂದ ಆಯ್ದು ಅಚ್ಚು ಹಾಕಿಸಿದಾಗ, ವಿಲಿಯಂ ಡನ್‌ಬಾರ್ ಸತ್ತ ಕವಿಗಳಿಗಾಗಿ ಬರೆದ ಶೋಕಗೀತೆಗೆ ತನ್ನದೇ ಪದ್ಯಭಾಗ ಅಂಟಿಸಿದ. ಮುಂದೊಬ್ಬ ಹುಡುಗ ಹುಟ್ಟಿಬಂದು ಈ ಕವಿಗಳನ್ನು ಉಳಿಸುತ್ತಾನೆ ಎಂಬ ಭವಿಷ್ಯವಾಣಿ ಅದು. ಆ ಹುಡುಗ ರ‍್ಯಾಮ್ಸೆಯೇ! ಬ್ಯಾನಟೈನ್ ಕೂಡ 1560ರ ಸುಧಾರಣೆಯ ನಂತರ ಬರೆದವನಾದ್ದರಿಂದ ಹಳೆಯ ಕ್ಯಾಥೊಲಿಕ್ ಮಾತುಗಳನ್ನು ಅಲ್ಲಲ್ಲಿ ತಿದ್ದಿದ್ದಾನೆ. ಒಂದು ಪದ್ಯಕ್ಕೆ ಬೇರೆ ಪ್ರತಿ ಇದ್ದರೆ ಪಕ್ಕಪಕ್ಕ ಇಟ್ಟು ಪಾಠಾಂತರ ಗುರುತಿಸದೆ ಅರ್ಥ ಹೇಳಲು ಹೋಗಬೇಡಿ.

ಇನ್ನು ಲಿಪಿ. ಆ ಕಾಲದ ‘ಸೆಕ್ರೆಟರಿ’ ಬರಹದಲ್ಲಿ ಸಿ ಅಕ್ಷರ ಇಂದಿನ ಆರ್‌ನಂತೆ ಕಾಣುತ್ತದೆ, ಇ ತಿರುಗಿ ನಿಂತಿರುತ್ತದೆ, ಎಚ್‌ನ ಬಾಲ ಸಾಲಿನ ಕೆಳಗೆ ಇಳಿಯುತ್ತದೆ, ಉದ್ದನೆಯ ಎಸ್ ಎಫ್ ಎಂದು ಮೋಸ ಮಾಡುತ್ತದೆ. ಮೊದಲ ದಿನ ಹತ್ತು ಸಾಲಿಗಿಂತ ಹೆಚ್ಚು ಮಾಡಬೇಡಿ. ಸಂಶಯವಿಲ್ಲದ ಪದಗಳಿಂದ (ಊರು, ತಿಂಗಳು, ವ್ಯಕ್ತಿಯ ಹೆಸರು) ಆ ಲಿಪಿಕಾರನ ಅಕ್ಷರಗಳನ್ನು ಒಂದೊಂದಾಗಿ ಎತ್ತಿ ನಿಮ್ಮದೇ ವರ್ಣಮಾಲೆ ಮಾಡಿಕೊಳ್ಳಿ. ಕ್ಯೂ-ಯು-ಎಚ್ ಎಂದು ಆರಂಭವಾದರೆ ಅದು ಇಂಗ್ಲಿಷಿನ ಡಬ್ಲ್ಯೂ-ಎಚ್. ಯು, ವಿ, ಡಬ್ಲ್ಯೂ ಒಂದರ ಜಾಗದಲ್ಲಿ ಒಂದು ಬರುತ್ತವೆ. ಪದದ ಕೊನೆಯ ಸುರುಳಿ ಸಾಮಾನ್ಯವಾಗಿ ಬಹುವಚನದ ಐ-ಎಸ್.

ಯೋಖ್ ಎಂಬ ಅಕ್ಷರ ಮಾತ್ರ ತುಂಬ ಕಾಡುತ್ತದೆ. ನೋಡಲು ಇಂಗ್ಲಿಷಿನ 3 ಅಂಕೆಯಂತೆ. ಮುದ್ರಕರ ಬಳಿ ಅದರ ಅಚ್ಚುಮೊಳೆ ಇಲ್ಲದೆ, ಉಚ್ಚಾರ ಬೇರೆಯಾದರೂ ಝಡ್ ಹಾಕಿದರು. ಅದಕ್ಕೇ ಮೆಂಝೀಸ್ ಎಂದು ಬರೆಯುವ ಹೆಸರನ್ನು ಸ್ಕಾಟ್ಲೆಂಡಿನಲ್ಲಿ ಮಿಂಗಿಸ್ ಎನ್ನುತ್ತಾರೆ. ಹಳಗನ್ನಡದ ೞ ಇರುವಲ್ಲಿ ಳ ಅಚ್ಚಾದರೆ ಏನು ಕಳೆಯುತ್ತದೆಂದು ಬಲ್ಲವರಿಗೆ ಇದು ಬೇಗ ತಿಳಿದೀತು. ನಕಲಿನಲ್ಲಿ ಯೋಖನ್ನು ಯೋಖ್ ಆಗಿಯೇ ಉಳಿಸಿ.

ತಾರೀಖು, ದುಡ್ಡು ಎರಡರಲ್ಲೂ ಲೆಕ್ಕ ಬೇರೆ. 1600ರ ಜನವರಿ 1ರವರೆಗೆ ಸ್ಕಾಟ್ಲೆಂಡಿನಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ. ರಾಣಿ ಮೇರಿಯ ಗಂಡ ಡಾರ್ನ್‌ಲಿ ಕೊಲೆಯಾದದ್ದು ನಮ್ಮ ಲೆಕ್ಕಕ್ಕೆ 1567ರ ಫೆಬ್ರವರಿ 10. ಅಂದಿನ ಕಡತದಲ್ಲಿ ಅದು 1566. ಜನವರಿ 1ರಿಂದ ಮಾರ್ಚ್ 24ರವರೆಗಿನ ತಾರೀಖುಗಳನ್ನು 1566/7 ಎಂದು ಎರಡೂ ವರ್ಷ ಸೇರಿಸಿ ಬರೆಯಿರಿ. 17ನೇ ಶತಮಾನದ ಬರಹದಲ್ಲಿ ವರ್ಷದ ಮೊದಲಿಗೆ ಜೆ-ಎ-ಜೆ ಎಂದು ಕಂಡರೆ ಬೆದರಬೇಡಿ, ಅದು ರೋಮನ್ ಅಂಕಿಯ ಸಾವಿರ ಕೆಟ್ಟು ಹಾಗಾದದ್ದು. ದಂಡದ ಮೊತ್ತ ಬಂದಾಗ ಅದು ಸ್ಕಾಟಿಷ್ ಪೌಂಡೋ ಎಂದು ನೋಡಿ: 1603ರ ನಂತರ 12 ಸ್ಕಾಟಿಷ್ ಪೌಂಡಿಗೆ ಒಂದು ಇಂಗ್ಲಿಷ್ ಪೌಂಡ್. ಒಂದು ಮರ್ಕ್ ಎಂದರೆ 13 ಶಿಲ್ಲಿಂಗ್ 4 ಪೆನ್ಸ್, ಅದೂ ಸ್ಕಾಟಿಷ್ ಲೆಕ್ಕವೇ.

ನಕಲು ಮಾಡುವಾಗ ಮೂಲದ ಒಂದು ಸಾಲಿಗೆ ನಿಮ್ಮದೂ ಒಂದೇ ಸಾಲು ಇರಲಿ. ತಪ್ಪಿದ್ದೆಲ್ಲಿ ಎಂದು ಹುಡುಕಲು ಅದೇ ಸುಲಭ. ಬಿಡಿಸಿ ಬರೆದ ಸಂಕ್ಷೇಪಗಳನ್ನು ಚೌಕ ಆವರಣದಲ್ಲಿಡಿ, ಓದಲಾಗದ ಕಡೆ ಪ್ರಶ್ನೆಚಿಹ್ನೆ ಹಾಕಿ. ಕ್ಲಬ್ಬಿನ ಅಚ್ಚನ್ನು ಪಕ್ಕದಲ್ಲಿಟ್ಟುಕೊಂಡು ನಕಲು ಮಾಡುವುದು ದೊಡ್ಡ ತಪ್ಪು: ಕಣ್ಣು ಅಚ್ಚಿನಲ್ಲಿದ್ದದ್ದನ್ನೇ ಹಸ್ತಪ್ರತಿಯಲ್ಲೂ ಕಾಣತೊಡಗುತ್ತದೆ. ಪೂರ್ತಿ ನಿಮ್ಮದಾಗಿ ಮುಗಿಸಿ, ಒಂದು ದಿನ ಬಿಟ್ಟು, ಆಮೇಲೆ ಹೋಲಿಸಿ. ಎರಡೂ ಬೇರೆಯಾದಲ್ಲಿ ಮೂಲಕ್ಕೇ ಹಿಂತಿರುಗಿ.

ಓದುವ ಕೋಣೆಗೆ ಪೆನ್ಸಿಲ್ ಮಾತ್ರ ಒಯ್ಯಿರಿ. ಪುಸ್ತಕವನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಒತ್ತದೆ ಫೋಮ್ ಆಸರೆಯ ಮೇಲಿಡಿ, ಹಾಳೆ ನಿಲ್ಲಲು ಭಾರದ ದಾರ ಕೇಳಿ. ಕಿರ್ಕ್ ಸೆಷನ್ (ಊರಿನ ಚರ್ಚಿನ ಹಿರಿಯರ ಸಭೆ) ಕಡತಗಳಾದರೆ ಸ್ಕಾಟ್ಲೆಂಡಿನ ರಾಷ್ಟ್ರೀಯ ದಾಖಲೆಗಳ ಸಂಸ್ಥೆಯಲ್ಲಿ ಸಿಎಚ್2 ಎಂಬ ಗುರುತಿನಡಿ ಹುಡುಕಿ. ಅನೇಕವುಗಳ ಚಿತ್ರಗಳು ಸ್ಕಾಟ್ಲೆಂಡ್ಸ್‌ಪೀಪಲ್ ಜಾಲತಾಣದಲ್ಲಿವೆ. ಹಾಳೆಗೆ ಎರಡು ಕಾಲದ ಎರಡು ಸಂಖ್ಯೆ ಇದ್ದರೆ ಎರಡನ್ನೂ ಬರೆದುಕೊಳ್ಳಿ, ಮುಮ್ಮೈಯೋ ಹಿಮ್ಮೈಯೋ ಎಂಬುದನ್ನೂ ಸೇರಿಸಿ. ಬ್ಯಾನಟೈನ್ ಹಸ್ತಪ್ರತಿ ಬೇಕಾದವರು ಕೋರಿಕೆ ಚೀಟಿಯಲ್ಲಿ ಬರೆಯಬೇಕಾದ ಸಂಖ್ಯೆ: ಅಡ್ವ್. ಎಂಎಸ್. 1.1.6.